ಸರ್ಕಾರದ ಒಂದು ಆದೇಶ, ಜನರ ಆರೋಗ್ಯ

ಎಲ್ಲರಿಗೂ ನಮಸ್ಕಾರ.

ಆರೋಗ್ಯ ಅಂದ ಕೂಡಲೇ ನಮಗೆ ಡಾಕ್ಟರು, ಆಸ್ಪತ್ರೆ, ಔಷಧಿ ನೆನಪಾಗುತ್ತವೆ. ಇವತ್ತು ನಾನು ಮಾತಾಡುವುದು ಸರ್ಕಾರದ ಕಚೇರಿಯಿಂದ ಹೊರಡುವ ಆದೇಶಗಳ ಬಗ್ಗೆ. ಸಂಸತ್ತಿನಲ್ಲಿ ಚರ್ಚೆಯಾಗಿ, ಮತಕ್ಕೆ ಹಾಕಿ ಆಗುವ ಕಾನೂನು ಬೇರೆ. ಅಧ್ಯಕ್ಷರೋ, ಮಂತ್ರಿಯೋ, ಅಧಿಕಾರಿಯೋ ಸಹಿ ಹಾಕಿ ಹೊರಡಿಸುವ ಆದೇಶ ಬೇರೆ. ಈ ಎರಡನೆಯದರ ಕಡೆ ನಾವು ಗಮನ ಕೊಡುವುದು ಕಡಿಮೆ.

ಮೊದಲು ಶ್ರೀಲಂಕಾದ ಉದಾಹರಣೆ ನೋಡೋಣ. 1990ರ ದಶಕದ ನಡುವೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಲೋಕದಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. ಬಹಳಷ್ಟು ಸಾವಿಗೆ ಕಾರಣ ಕೀಟನಾಶಕ. ಅಲ್ಲಿ ಕೀಟನಾಶಕಗಳ ನೋಂದಣಿ ನೋಡಿಕೊಳ್ಳುವುದಕ್ಕೇ ಒಬ್ಬ ರಿಜಿಸ್ಟ್ರಾರ್ ಇದ್ದಾರೆ. ಅತಿ ವಿಷಕಾರಿ ಕೀಟನಾಶಕಗಳಲ್ಲಿ ಉಳಿದಿದ್ದವಕ್ಕೆ 1995ರಲ್ಲಿ, ಎಂಡೋಸಲ್ಫಾನ್‌ಗೆ 1998ರಲ್ಲಿ ತಡೆ ಬಿತ್ತು. ಮುಂದೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಸೇರಿ ಇನ್ನೂ ಕೆಲವು ಹೋದವು. ಸುಮಾರು 20 ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಶೇ 70ರಷ್ಟು ಇಳಿಯಿತು.

ಜನರ ಕಷ್ಟ ಅಷ್ಟರಲ್ಲಿ ಕಳೆದುಹೋಗಿತ್ತಾ? ಇಲ್ಲ. ಅದೇ ಕಾಲದಲ್ಲಿ ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಆದರೆ ಸಂಕಟದ ಆ ಗಳಿಗೆ ಸಾಮಾನ್ಯವಾಗಿ ಬೇಗ ದಾಟುತ್ತದೆ. ಆಗ ಕೈಗೆ ಸಿಕ್ಕಿದ ವಿಷ ಅಷ್ಟು ಘೋರವಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ ಉಳಿಸಿಕೊಳ್ಳಬಹುದು. ಹಾಗೆ ಉಳಿದವರಲ್ಲಿ ಹೆಚ್ಚಿನವರು ಮುಂದೆ ಬದುಕನ್ನೇ ಆರಿಸಿಕೊಳ್ಳುತ್ತಾರೆ. ಬೆಳೆ ಹಾಳಾಗುತ್ತದೆ ಎಂಬ ಭಯವಿತ್ತು; ಇಳುವರಿ ಕುಸಿಯಲಿಲ್ಲ ಎಂದು ನಂತರದ ಅಧ್ಯಯನ ತೋರಿಸಿತು. ಆ ರಿಜಿಸ್ಟ್ರಾರ್ ಕಚೇರಿ ಉಳಿಸಿದಷ್ಟು ಜೀವವನ್ನು ದೊಡ್ಡ ಆಸ್ಪತ್ರೆಯೂ ಉಳಿಸುವುದು ಕಷ್ಟ ಅಂತ ನನಗನ್ನಿಸುತ್ತದೆ.

ಪೆಟ್ರೋಲಿನಲ್ಲಿದ್ದ ಸೀಸದ ಕಥೆಯೂ ಇಂಥದ್ದೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1973ರಿಂದ ನಿಯಮಗಳ ಮೂಲಕ ಅದನ್ನು ಇಳಿಸುತ್ತಾ ಬಂತು. ಪೆಟ್ರೋಲಿನಲ್ಲಿ ಸೀಸ ಇಳಿದಂತೆಲ್ಲ ಜನರ ರಕ್ತದಲ್ಲೂ ಇಳಿಯಿತು. ಮಕ್ಕಳ ಮೆದುಳಿಗೆ ಸೀಸ ಎಷ್ಟು ಕೆಟ್ಟದ್ದು ಅಂತ ಗೊತ್ತಲ್ವಾ? ಆದರೂ ಲೋಕದಲ್ಲಿ ಕೊನೆಯದಾಗಿ ಅಲ್ಜೀರಿಯಾ ಅದನ್ನು ಬಿಡುವಾಗ 2021 ಆಗಿತ್ತು.

ಇವೆಲ್ಲ ಹಾನಿಯನ್ನು ತಡೆದ ಆದೇಶಗಳು. ಚಿಕಿತ್ಸೆಯನ್ನೇ ತಡೆಯುವ ಆದೇಶ ಬಂದರೆ?

ಎಚ್‌ಐವಿ ಪೀಡಿತರಿಗಾಗಿ ಅಮೆರಿಕ 2003ರಲ್ಲಿ ಪೆಪ್‌ಫಾರ್ ಎಂಬ ನೆರವಿನ ಯೋಜನೆ ಶುರು ಮಾಡಿತು. ಪ್ರಯೋಗಾಲಯ ಕಟ್ಟಿದರು, ನರ್ಸುಗಳಿಗೆ ತರಬೇತಿ ಕೊಟ್ಟರು, ದೂರದ ಹಳ್ಳಿಗೂ ಮಾತ್ರೆ ಮುಟ್ಟಿಸಿದರು. ಎರಡು ದಶಕದ ಕೆಲಸ ಅದು. 2025ರ ಜನವರಿ 20ರಂದು ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಅಧ್ಯಕ್ಷರ ಸಹಿ ಬಿತ್ತು. ಕೆಲವೇ ದಿನದಲ್ಲಿ ಹಲವು ದೇಶಗಳ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಜೀವ ಉಳಿಸುವ ಔಷಧಿಗೆ ವಿನಾಯಿತಿ ಇದೆ ಅಂತ ಆಮೇಲೆ ಹೇಳಿದರು. ಆದರೆ ಹಣ ಬರದೆ, ಸಿಬ್ಬಂದಿ ಮನೆಗೆ ಹೋದ ಮೇಲೆ, ಮಾತ್ರೆ ಕೊಡುವವರು ಯಾರು? ಎಚ್‌ಐವಿ ಮಾತ್ರೆ ದಿನವೂ ನುಂಗಬೇಕಾದದ್ದು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಹೆಚ್ಚುತ್ತದೆ. ಗರ್ಭಿಣಿಯಾದರೆ ಮಗುವಿಗೂ ಹರಡಬಹುದು. ರೋಗಕ್ಕೆ 90 ದಿನದ ವಿರಾಮ ಅಂತ ಒಂದಿಲ್ಲ.

ನನ್ನ ಆತಂಕ ಇರುವುದು ಇಲ್ಲೇ. ಕಟ್ಟುವುದಕ್ಕೆ ವರ್ಷಗಳು ಬೇಕು, ನಿಲ್ಲಿಸುವುದಕ್ಕೆ ಒಂದು ಸಹಿ ಸಾಕು. ಗರ್ಭಪಾತದ ಕುರಿತು ಕೆಲಸ ಮಾಡುವ ಹೊರದೇಶದ ಸಂಸ್ಥೆಗಳಿಗೆ ಅಮೆರಿಕದ ನೆರವು ತಡೆಯುವ ನೀತಿಯೊಂದು 1984ರಲ್ಲಿ ಬಂತು. 1993ರಲ್ಲಿ ಹೋಯಿತು, 2001ರಲ್ಲಿ ಬಂತು, 2009ರಲ್ಲಿ ಹೋಯಿತು, 2017ರಲ್ಲಿ ಬಂತು, 2021ರಲ್ಲಿ ಹೋಯಿತು, 2025ರಲ್ಲಿ ಮತ್ತೆ ಬಂತು. ಹೀಗೆ ಅಮೆರಿಕದಲ್ಲಿ ಆಳುವ ಪಕ್ಷ ಬದಲಾದಾಗಲೆಲ್ಲ ಎಷ್ಟೋ ದೂರದ ಹೆಣ್ಣುಮಕ್ಕಳಿಗೆ ಗರ್ಭನಿರೋಧಕ ಕೊಡುವ ಕ್ಲಿನಿಕ್ಕಿನ ಭವಿಷ್ಯವೂ ಬದಲಾಗುತ್ತದೆ. ಆ ಹೆಣ್ಣುಮಕ್ಕಳು ಆ ಚುನಾವಣೆಯಲ್ಲಿ ಮತ ಹಾಕಿದವರಲ್ಲ.

ಹಾಗಾದರೆ ಇಂಥ ಆದೇಶಗಳಿಗೆ ತಡೆ ಎಲ್ಲಿದೆ? ದಕ್ಷಿಣ ಆಫ್ರಿಕಾ ನೋಡಿ. ಥಾಬೊ ಎಂಬೆಕಿ ಅಧ್ಯಕ್ಷರಾಗಿದ್ದಾಗ, ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಸರ್ಕಾರ ಕೆಲವೇ ಪ್ರಾಯೋಗಿಕ ಕೇಂದ್ರಗಳಿಗೆ ಸೀಮಿತಗೊಳಿಸಿತ್ತು. ಉಳಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರ್ ಬಯಸಿದರೂ ಕೊಡುವಂತಿರಲಿಲ್ಲ. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಕೋರ್ಟಿಗೆ ಹೋಯಿತು. ಸಂವಿಧಾನದಲ್ಲಿ ಆರೋಗ್ಯ ಸೇವೆ ಪಡೆಯುವ ಹಕ್ಕಿದೆ, ಆ ನಿರ್ಬಂಧ ತೆಗೆಯಿರಿ ಎಂದು ಸಂವಿಧಾನ ನ್ಯಾಯಾಲಯ 2002ರ ಜುಲೈನಲ್ಲಿ ಆದೇಶಿಸಿತು. ನೆವಿರಪಿನ್ ಸೇರಿ ಎಚ್‌ಐವಿ ಔಷಧಿಗಳು ತಡವಾಗಿದ್ದರಿಂದ 3 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು.

ಇಂದು ಅದೇ ದೇಶ ಲೋಕದ ಅತಿ ದೊಡ್ಡ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ನಡೆಸುತ್ತಿದೆ. ಔಷಧಿಯ ಹಣ ಬಹುಪಾಲು ಅದರದೇ ಬಜೆಟ್‌ನದ್ದು. ಹಾಗಾಗಿ 2025ರಲ್ಲಿ ನೆರವು ನಿಂತಾಗಲೂ ಅಲ್ಲಿ ಮಾತ್ರೆ ಪೂರೈಕೆ ಕುಸಿಯಲಿಲ್ಲ. ಆದರೆ ಪರೀಕ್ಷೆ ಮಾಡುತ್ತಿದ್ದ, ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುತ್ತಿದ್ದ ಸಾವಿರಾರು ಸಿಬ್ಬಂದಿ ನೆರವಿನ ಹಣದ ಮೇಲೆ ನಿಂತಿದ್ದರು. ಅವರ ಕೆಲಸ ಹೋಯಿತು.