ಸೋರಿಕೆಯಾದ ಫೋನಿನ ಚಿತ್ರ: ಯಾವುದನ್ನು ಎಷ್ಟು ನಂಬಬಹುದು?

ಕೇಳುಗರಿಗೆ ನಮಸ್ಕಾರ.

ಹೊಸ ಫೋನು ಬಿಡುಗಡೆಯಾಗಲು ಇನ್ನೂ ಮೂರು ನಾಲ್ಕು ತಿಂಗಳಿರುವಾಗಲೇ ಅದರ ಚಿತ್ರಗಳು ಓಡಾಡತೊಡಗುತ್ತವೆ. ಹಿಂಬದಿಯಲ್ಲಿ ಎಷ್ಟು ಕ್ಯಾಮೆರಾ, ಬಟನ್ ಯಾವ ಕಡೆ, ದಪ್ಪ ಎಷ್ಟು ಎಂಬ ಚರ್ಚೆ ಶುರುವಾಗುತ್ತದೆ. ಇವುಗಳಲ್ಲಿ ಕೆಲವು ಅಪ್ಪಟ ನಿಜ, ಕೆಲವು ಶುದ್ಧ ಸುಳ್ಳು. ಚಿತ್ರ ಯಾರ ಕೈಯಿಂದ ಹೊರಬಿದ್ದಿದೆ ಎಂಬುದರ ಜಾಡು ಸಿಕ್ಕರೆ, ಅದರಲ್ಲಿ ಯಾವ ಅಂಶವನ್ನು ನಂಬಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ಕವರ್ ತಯಾರಕರನ್ನು ನೋಡೋಣ. ಫೋನು ಮಾರಾಟಕ್ಕೆ ಬಂದ ದಿನವೇ ಕವರೂ ಸಿಗಬೇಕೆಂದರೆ ಅದರ ಅಚ್ಚು ವಾರಗಟ್ಟಲೆ ಮೊದಲೇ ಸಿದ್ಧವಾಗಬೇಕು. ಹಾಗಾಗಿ ಫೋನಿನ ಹೊರ ಆಕಾರದ ಕ್ಯಾಡ್ ಫೈಲು, ಅಂದರೆ ಕಂಪ್ಯೂಟರಿನಲ್ಲಿ ಬರೆದ ಅಳತೆಯ ನಕ್ಷೆ, ಹೇಗೋ ಅವರ ಕೈ ಸೇರುತ್ತದೆ. ಆ ನಕ್ಷೆಯಿಂದ ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಕೊರೆದು ಮಾಡಿದ ಗೊಂಬೆ ಫೋನೇ ಡಮ್ಮಿ. ಸೋರಿಕೆ ಎಂದು ಹರಿದಾಡುವ ಎಷ್ಟೋ ಫೋಟೋ, ವಿಡಿಯೋಗಳಲ್ಲಿ ಕಾಣುವುದು ಇದೇ ಡಮ್ಮಿ. ಉದ್ದ, ಅಗಲ, ದಪ್ಪ, ಬಟನ್ನಿನ ಜಾಗ, ಕ್ಯಾಮೆರಾ ಉಬ್ಬಿನ ಗಾತ್ರ ಇವಿಷ್ಟನ್ನು ಡಮ್ಮಿಯಿಂದ ಧೈರ್ಯವಾಗಿ ತೆಗೆದುಕೊಳ್ಳಬಹುದು. ಅಳತೆ ತಪ್ಪಿದರೆ ಕವರೇ ಕೂರುವುದಿಲ್ಲ, ನಷ್ಟ ತಯಾರಕರದ್ದೇ. ಆದರೆ ಕವರಿಗೆ ಬೇಡದ ವಿಷಯ ಆ ನಕ್ಷೆಯಲ್ಲಿ ಇರುವುದೇ ಇಲ್ಲ. ಪರದೆಯ ಸುತ್ತಲಿನ ಕಪ್ಪು ಅಂಚು ಎಷ್ಟು ತೆಳು, ಬಣ್ಣ ಯಾವುದು, ಗಾಜಿನ ಹಿಂದೆ ಯಾವ ಸೆನ್ಸರ್ ಕೂತಿದೆ ಎಂಬುದೆಲ್ಲ ಚಿತ್ರ ಬಿಡಿಸಿದವರ ಅಂದಾಜು. ಥಳಥಳ ಹೊಳೆಯುವ ರೆಂಡರ್, ಅಂದರೆ ನಕ್ಷೆಯಿಂದ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಕಂಡಾಗ ಅದರ ಆಕಾರವನ್ನಷ್ಟೇ ನಂಬಿ.

ಡಮ್ಮಿಯನ್ನು ಗುರುತಿಸುವುದು ಸುಲಭ. ನಿಜವಾದ ಲೆನ್ಸಿನ ಮೇಲೆ ಲೇಪನವಿರುತ್ತದೆ. ಫೋನನ್ನು ಸ್ವಲ್ಪ ಓರೆ ಮಾಡಿದರೆ ನೇರಳೆ, ಹಸಿರು ಛಾಯೆಯ ಪ್ರತಿಫಲನ ಕಾಣುತ್ತದೆ, ಒಳಗೆ ಆಳವಿದೆ ಅನ್ನಿಸುತ್ತದೆ. ಡಮ್ಮಿಯಲ್ಲಿರುವುದು ಬರೀ ಕಪ್ಪು ಬಿಲ್ಲೆ. ಪೂರ್ತಿ ಕಂಪ್ಯೂಟರಿನಲ್ಲೇ ಕಟ್ಟಿದ ಸುಳ್ಳು ಚಿತ್ರವಾದರೆ ಲೋಹದ ಚೌಕಟ್ಟನ್ನು ನೋಡಿ. ಲೋಹವು ರೇಡಿಯೋ ಅಲೆಗಳನ್ನು ತಡೆಯುವುದರಿಂದ, ಸಾಮಾನ್ಯವಾಗಿ ಚೌಕಟ್ಟನ್ನು ಅಲ್ಲಲ್ಲಿ ತುಂಡರಿಸಿ ಪ್ಲಾಸ್ಟಿಕ್ ತುಂಬಿರುತ್ತಾರೆ. ಅಂಚಿನಲ್ಲಿ ಅಡ್ಡಕ್ಕೆ ಕಾಣುವ ಸಣ್ಣ ಗೆರೆಗಳು ಅವೇ. ಸುಳ್ಳು ಚಿತ್ರ ಬಿಡಿಸುವವರು ಆ ಗೆರೆಯನ್ನು ಮರೆಯುತ್ತಾರೆ, ಇಲ್ಲವೇ ಎಲ್ಲೆಂದರಲ್ಲಿ ಎಳೆದುಬಿಡುತ್ತಾರೆ. ಮೂಲೆಗಳನ್ನೂ ಗಮನಿಸಿ. ಪರದೆಯ ಮೂಲೆಯ ತಿರುವು ಹೊರಗಿನ ಚೌಕಟ್ಟಿನ ತಿರುವಿಗೆ ಹೊಂದಿಕೊಂಡು ಸಾಗಬೇಕು. ನಡುವಿನ ಕಪ್ಪು ಪಟ್ಟಿ ಮೂಲೆಗೆ ಬಂದಾಗ ಏಕಾಏಕಿ ದಪ್ಪವಾದರೆ, ಒಂದು ಫೋನಿನ ಪರದೆಯನ್ನು ಇನ್ನೊಂದರ ಚೌಕಟ್ಟಿಗೆ ಅಂಟಿಸಿರುವ ಅನುಮಾನ ಬರಬೇಕು.

ದಪ್ಪವನ್ನು ಮನೆಯಲ್ಲೇ ಅಳೆಯುವ ಒಂದು ಉಪಾಯವಿದೆ. ಫೋನಿನ ತಳಭಾಗದ ಫೋಟೋ ಸಿಕ್ಕಿತು ಅನ್ನಿ. ಯುಎಸ್‌ಬಿ ಸಿ ಕಿಂಡಿಯ ಅಗಲ ಎಲ್ಲ ಫೋನಿನಲ್ಲೂ ಒಂದೇ, ಸುಮಾರು 8.3 ಮಿಲಿಮೀಟರ್. ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕಿಂಡಿ ಎಷ್ಟು ಪಿಕ್ಸೆಲ್ ಅಗಲವಿದೆ ಎಂದು ಎಣಿಸಿ. 166 ಪಿಕ್ಸೆಲ್ ಬಂದರೆ ಒಂದು ಮಿಲಿಮೀಟರಿಗೆ 20 ಪಿಕ್ಸೆಲ್ ಎಂದಾಯಿತು. ಫೋನಿನ ದಪ್ಪ 160 ಪಿಕ್ಸೆಲ್ ಇದ್ದರೆ ಅದು 8 ಮಿಲಿಮೀಟರ್. ಫೋಟೋ ನೇರವಾಗಿ ಎದುರಿನಿಂದ ತೆಗೆದದ್ದಾಗಿರಬೇಕು. ಓರೆಯಿದ್ದರೆ ಲೆಕ್ಕ ಕೆಡುತ್ತದೆ. ಕ್ಯಾಮೆರಾ ಉಬ್ಬನ್ನು ಈ ರೀತಿ ಅಳೆಯಬೇಡಿ. ಅದು ಕಿಂಡಿಗಿಂತ ಹಿಂದೆ, ಫೋನಿನ ಇನ್ನೊಂದು ತುದಿಯಲ್ಲಿರುವುದರಿಂದ ಫೋಟೋದಲ್ಲಿ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಇನ್ನು ಕಾರ್ಖಾನೆಯಿಂದ ಬರುವ ಅಸಲಿ ಮಾದರಿಗಳು. ಫೋನಿನ ತಯಾರಿ ಇವಿಟಿ, ಡಿವಿಟಿ, ಪಿವಿಟಿ ಎಂಬ ಮೂರು ಹಂತ ದಾಟುತ್ತದೆ. ಮೊದಲನೆಯದರಲ್ಲಿ ಬೋರ್ಡು, ಚಿಪ್ಪು ಕೆಲಸ ಮಾಡುತ್ತವೆಯೇ ಎಂಬ ಪರೀಕ್ಷೆ, ಎರಡನೆಯದರಲ್ಲಿ ಬೀಳಿಸಿ, ಬಿಸಿ ಮಾಡಿ, ನೀರಿಗೆ ಒಡ್ಡಿ ವಿನ್ಯಾಸದ ಪರೀಕ್ಷೆ, ಮೂರನೆಯದರಲ್ಲಿ ಉತ್ಪಾದನಾ ಸಾಲಿನ ಪರೀಕ್ಷೆ. ಮೊದಲ ಹಂತದ ಮಾದರಿಯಲ್ಲಿ ಕಂಡ ಬಟನ್ನು ಕೊನೆಯಲ್ಲಿ ಮಾಯವಾಗಬಹುದು. ಹಾಗೆಂದು ಫೋಟೋ ಸುಳ್ಳಾಗಿತ್ತು ಎಂದಲ್ಲ, ಕಂಪನಿ ಮನಸ್ಸು ಬದಲಿಸಿತು ಅಷ್ಟೆ. ಇಂಥ ಮಾದರಿಗಳು ಹೊರಗೆ ಓಡಾಡುವಾಗ ವೇಷ ಹಾಕಿಕೊಂಡಿರುತ್ತವೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಬಾರೊಂದರಲ್ಲಿ ಉಳಿದುಹೋದ ಐಫೋನ್ 4 ಮಾದರಿ, ಹಳೆಯ 3ಜಿಎಸ್‌ನಂತೆ ಕಾಣುವ ಕವಚದೊಳಗಿತ್ತು. ಗಿಜ್ಮೊಡೊ ಜಾಲತಾಣ ಅದನ್ನು 5,000 ಡಾಲರ್ ಕೊಟ್ಟು ಪಡೆದು, ಬಿಚ್ಚಿ ತೋರಿಸಿತು.

ಅಸಲಿ ಫೋಟೋವೇ ಕೈಯಲ್ಲಿದ್ದರೂ ಅದನ್ನು ಹಾಗೇ ಹಾಕದೆ ಚಿತ್ರವಾಗಿ ಬಿಡಿಸಿ ಹಾಕುವವರಿದ್ದಾರೆ. ಅದರಲ್ಲಿ ಅರ್ಥವಿದೆ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ವ್ಯತ್ಯಾಸವಿರುವ ಚಿತ್ರ ಕಳಿಸಿದರೆ, ಹೊರಬಿದ್ದ ಚಿತ್ರ ನೋಡಿ ಯಾರಿಂದ ಸೋರಿತೆಂದು ಕಂಪನಿ ಪತ್ತೆ ಹಚ್ಚಬಹುದು. ಮತ್ತೆ ಬಿಡಿಸಿದಾಗ ಆ ಗುರುತು ಅಳಿಯುತ್ತದೆ, ಜೊತೆಗೆ ನಿಖರತೆಯೂ ಒಂದಷ್ಟು ಅಳಿಯುತ್ತದೆ. ಫೋಟೋದಲ್ಲಿ ತೆಗೆದ ದಿನಾಂಕ, ಕ್ಯಾಮೆರಾ ವಿವರ ಇಲ್ಲವೆಂದ ಮಾತ್ರಕ್ಕೆ ಸುಳ್ಳೆನ್ನಲಾಗದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಸಾಕು, ಆ ವಿವರ ಹೋಗಿಬಿಡುತ್ತದೆ.

ಚಿತ್ರಕ್ಕಿಂತ ಹೆಚ್ಚು ನಂಬಬಹುದಾದದ್ದು ಸರಕಾರಿ ಕಾಗದ. ಓದಲು ನೀರಸ, ಆದರೆ ಗಟ್ಟಿ. ಅಮೆರಿಕದಲ್ಲಿ ಮಾರುವ ಫೋನಿಗೆ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಒಪ್ಪಿಗೆ ಬೇಕು. ಒಳಗಿನ, ಹೊರಗಿನ ಫೋಟೋಗಳನ್ನು 180 ದಿನದವರೆಗೆ ಗುಟ್ಟಾಗಿಡಿ ಎಂದು ಕಂಪನಿ ಕೇಳಿಕೊಳ್ಳಬಹುದು. ಆದರೆ ರೇಡಿಯೋ ಪರೀಕ್ಷೆಯ ವರದಿ ಹೊರಗೆ ಬರುತ್ತದೆ. ಯಾವ 5ಜಿ ಬ್ಯಾಂಡು, ಫೋನು ತಾಗಿಸಿ ಹಣ ಕೊಡಲು ಬೇಕಾದ ಎನ್‌ಎಫ್‌ಸಿ ಇದೆಯೇ, ವೈರ್‌ಲೆಸ್ ಚಾರ್ಜಿಂಗ್ ಇದೆಯೇ ಎಂಬುದು ಅಲ್ಲಿ ಸಿಗುತ್ತದೆ. ಚೀನಾದಲ್ಲಿ ಫೋನುಗಳಿಗೆ ಪ್ರಮಾಣಪತ್ರ ಕೊಡುವ ಟೆನಾದ ಪಟ್ಟಿ ಇನ್ನೂ ಧಾರಾಳಿ, ಅಳತೆ, ತೂಕ, ಬ್ಯಾಟರಿ, ಎಷ್ಟೋ ಸಲ ಫೋಟೋವನ್ನೂ ಕೊಡುತ್ತದೆ. ಭಾರತದ ಮಾನಕ ಸಂಸ್ಥೆಯಾದ ಬಿಐಎಸ್‌ನ ಪಟ್ಟಿಯಲ್ಲಿ ಮಾದರಿ ಸಂಖ್ಯೆಗಿಂತ ಹೆಚ್ಚೇನೂ ತಿಳಿಯದು. ಇಂಥ ಕಾಗದದಲ್ಲಿ ಬ್ಯಾಟರಿಯ ಅಂಕಿ ಕಡಿಮೆ ಕಂಡರೆ ಗಾಬರಿ ಬೇಡ. ಅಲ್ಲಿರುವುದು ಬಹುತೇಕ ಕನಿಷ್ಠ ಸಾಮರ್ಥ್ಯ, ಜಾಹೀರಾತಿನಲ್ಲಿರುವುದು ಸರಾಸರಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾದ ಬ್ಯಾಟರಿ ಜಾಹೀರಾತಿನಲ್ಲಿ 5,000 ಎಂಎಎಚ್, ಕನಿಷ್ಠ ಲೆಕ್ಕದಲ್ಲಿ 4,855.

ಗೀಕ್‌ಬೆಂಚ್‌ನಂಥ ವೇಗ ಪರೀಕ್ಷೆಯ ಅಂಕಗಳಿಗೆ ಇಷ್ಟು ಬೆಲೆ ಕೊಡಬೇಕಾಗಿಲ್ಲ. ಅಲ್ಲಿ ಕಾಣುವ ಹೆಸರು ಫೋನಿನ ತಂತ್ರಾಂಶ ತಾನೇ ಹೇಳಿಕೊಂಡದ್ದು. ರೂಟ್ ಮಾಡಿದ, ಅಂದರೆ ತಂತ್ರಾಂಶದ ಬೀಗ ತೆಗೆದ, ಯಾವ ಆಂಡ್ರಾಯ್ಡ್ ಫೋನಿನಲ್ಲೂ ಅದನ್ನು ತಿದ್ದಬಹುದು. ಅಂಕ ಅಸಲಿಯೇ ಆಗಿದ್ದರೂ ಅರೆಬೆಂದ ತಂತ್ರಾಂಶದ್ದು, ಬಿಡುಗಡೆ ಹೊತ್ತಿಗೆ ಬದಲಾಗುತ್ತದೆ.

ಕೆಲವೊಮ್ಮೆ ಕಂಪನಿಯೇ ಬಿಟ್ಟುಕೊಡುತ್ತದೆ. 2017ರಲ್ಲಿ ಹೋಮ್‌ಪಾಡ್ ಸ್ಪೀಕರಿಗಾಗಿ ಆ್ಯಪಲ್ ಹೊರಬಿಟ್ಟ ತಂತ್ರಾಂಶದೊಳಗೆ, ಮುಂದೆ ಐಫೋನ್ ಎಕ್ಸ್ ಎಂದು ಬಂದ ಫೋನಿನ ರೇಖಾಚಿತ್ರ ಉಳಿದುಹೋಗಿತ್ತು. 2019ರ ಜೂನ್‌ನಲ್ಲಿ ಗೂಗಲ್, ಪಿಕ್ಸೆಲ್ 4ರ ಹಿಂಬದಿ ಚಿತ್ರವನ್ನು ತಾನೇ ಟ್ವಿಟರ್‌ನಲ್ಲಿ ಹಾಕಿತು. ಅಷ್ಟು ಹೊತ್ತಿಗೆ ರೆಂಡರ್‌ಗಳು ಹೊರಬಿದ್ದಿದ್ದವು, ಬಚ್ಚಿಡಲು ಉಳಿದದ್ದು ಅಷ್ಟಕ್ಕಷ್ಟೇ.

ಬೆಲೆಯ ವದಂತಿ ಎಲ್ಲಕ್ಕಿಂತ ಸಡಿಲ. ಬೆಲೆಯನ್ನು ಕೊನೆಯ ಗಳಿಗೆಯವರೆಗೂ ಬದಲಿಸಬಹುದು, ಯಾವ ಅಚ್ಚನ್ನೂ ಮತ್ತೆ ಕೊರೆಯಬೇಕಾಗಿಲ್ಲ. ಸೋರಿಕೆಯಾದ ಫೋನಿನ ಕ್ಯಾಮೆರಾ ಆ್ಯಪ್ ಎಂದು ಯಾರಾದರೂ ಎಪಿಕೆ ಫೈಲು, ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕಿಕೊಳ್ಳುವ ಕಡತ, ಕಳಿಸಿದರೆ ಹಾಕಿಕೊಳ್ಳಬೇಡಿ. ಅಸಲಿ ಆ್ಯಪ್ ಆದರೂ ಆ ಫೋನಿನ ಯಂತ್ರಾಂಶವಿಲ್ಲದೆ ಬಹುತೇಕ ಓಡದು, ನಕಲಿಯಾದರೆ ಅದು ಕೇಳುವುದು ನಿಮ್ಮ ಎಸ್‌ಎಂಎಸ್ ಓದಲು ಅನುಮತಿ. ಇನ್ನೂ ಘೋಷಣೆಯಾಗದ ಫೋನಿಗೆ ಮುಂಗಡ ಬುಕಿಂಗ್ ಎಂದು ಹಣ ಕೇಳುವ ಲಿಂಕನ್ನೂ ಒತ್ತಬೇಡಿ.

ನಮಸ್ಕಾರ.