ಮಕ್ಕಳ ತೀವ್ರ ಆಸ್ತಮಾ ಮತ್ತು ಬಯಾಲಜಿಕ್ ಚುಚ್ಚುಮದ್ದು

ಎಲ್ಲರಿಗೂ ನಮಸ್ಕಾರ.

ಉಬ್ಬಸ ಏರಿದ ಮಗುವನ್ನು ಹತ್ತಿರದಿಂದ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಪ್ರತಿ ಉಸಿರಿಗೂ ಗಂಟಲ ಕೆಳಗಿನ ಗುಳಿ ಒಳಸರಿಯುತ್ತದೆ, ಪಕ್ಕೆಲುಬುಗಳ ಸಂದು ಎದ್ದು ಕಾಣುತ್ತದೆ, ಒಂದೇ ವಾಕ್ಯವನ್ನು ಮಗು ಮೂರು ತುಂಡು ಮಾಡಿ ಹೇಳುತ್ತದೆ. ಹೆಚ್ಚಿನ ಪ್ರಮಾಣದ ಇನ್‌ಹೇಲರ್ ಔಷಧಿ ಪಡೆದರೂ ಹೀಗೆ ಮತ್ತೆ ಮತ್ತೆ ಆಸ್ಪತ್ರೆ ಸೇರುವ ಮಕ್ಕಳು ಸ್ವಲ್ಪವೇ. ಇವತ್ತಿನ ಮಾತು ಅವರ ಬಗ್ಗೆ.

ಇಂಥ ಮಕ್ಕಳಿಗೆ ಬಾಯಿಯ ಮೂಲಕ ಕೊಡುವ ಸ್ಟೀರಾಯ್ಡ್ ಜೀವ ಉಳಿಸುತ್ತದೆ. ಆದರೆ ಪದೇ ಪದೇ ಕೊಟ್ಟರೆ ಬೆಳವಣಿಗೆ ಕುಂಠಿತವಾಗುತ್ತದೆ, ಮೂಳೆ ದುರ್ಬಲವಾಗುತ್ತದೆ, ತೂಕ ಏರುತ್ತದೆ. ಅದು ಇಡೀ ರೋಗನಿರೋಧಕ ವ್ಯವಸ್ಥೆಯನ್ನೇ ತಗ್ಗಿಸುತ್ತದೆ. ಬಯಾಲಜಿಕ್ ಎಂದರೆ ಜೀವಕೋಶಗಳಲ್ಲಿ ತಯಾರಿಸುವ ಔಷಧಿ; ಅದು ಉರಿಯೂತದ ಸರಪಳಿಯಲ್ಲಿ ಒಂದೆರಡು ಕೊಂಡಿಗಳನ್ನಷ್ಟೇ ಹಿಡಿಯುತ್ತದೆ.

ಮೊದಲ ಕೊಂಡಿ ಸಿಕ್ಕಿದ್ದು 1960ರ ದಶಕದಲ್ಲಿ. ಕಿಮಿಶಿಗೆ ಮತ್ತು ಟೆರುಕೊ ಇಶಿಝಾಕಾ ದಂಪತಿ ಅಲರ್ಜಿಯ ಪ್ರತಿಕಾಯವನ್ನು ಹುಡುಕುತ್ತಾ ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು ಪರೀಕ್ಷಿಸಿದರು. ಅದೇ ಐಜಿಇ. ಅದನ್ನು ತಡೆಯುವ ಒಮಾಲಿಜುಮಾಬ್ ಎಂಬ ಬಯಾಲಜಿಕ್‌ಗೆ ಅಮೆರಿಕದಲ್ಲಿ 2003ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ, 2016ರಲ್ಲಿ 6 ವರ್ಷದಿಂದ ಮೇಲಿನ ಮಕ್ಕಳಿಗೆ ಅನುಮತಿ ಸಿಕ್ಕಿತು. 2011ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನ ನನಗೆ ಬಹಳ ಅಚ್ಚುಮೆಚ್ಚು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದೊಡನೆ ನೆಗಡಿಯ ವೈರಸ್ ಹರಡಿ ಆಸ್ತಮಾ ಉಲ್ಬಣಿಸುವುದು ಪ್ರತಿ ವರ್ಷದ ಪಾಡು. ಈ ಚುಚ್ಚುಮದ್ದು ಪಡೆದ ಮಕ್ಕಳಲ್ಲಿ ಆ ಏರಿಕೆ ಬಹುತೇಕ ಕಾಣಲೇ ಇಲ್ಲ. ಅಲರ್ಜಿಯ ಔಷಧಿ ವೈರಸ್ ಕಾಲದಲ್ಲೂ ಮಗುವನ್ನು ಕಾಯಿತು!

ಇನ್ನೊಂದು ಬಯಾಲಜಿಕ್ ಮೆಪೊಲಿಜುಮಾಬ್; ಅದು ಉರಿಯೂತ ಹೆಚ್ಚಿಸುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸುವ ಸಂಕೇತವನ್ನು ತಡೆಯುತ್ತದೆ. 6ರಿಂದ 11 ವರ್ಷದವರಿಗೆ ನಾಲ್ಕು ವಾರಕ್ಕೊಮ್ಮೆ 40 ಮಿಲಿಗ್ರಾಂ. ಮೂರನೆಯದಾದ ಡುಪಿಲುಮಾಬ್ ಉರಿಯೂತದ ಇನ್ನೆರಡು ಸಂಕೇತಗಳನ್ನು ಒಟ್ಟಿಗೆ ತಡೆಯುತ್ತದೆ. ಚರ್ಮದ ಎಕ್ಸಿಮಾ ಕೂಡ ಇರುವ ಮಗುವಿಗೆ ಇದರಿಂದ ಎರಡು ಲಾಭ. ಯಾವುದು ಯಾರಿಗೆ ಎಂಬುದನ್ನು ರಕ್ತಪರೀಕ್ಷೆ, ವಯಸ್ಸು, ಅಲರ್ಜಿಯ ಇತಿಹಾಸ ನೋಡಿ ನಿರ್ಧರಿಸಬೇಕು. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಏಕೆಂದರೆ ಈ ಔಷಧಿಗಳು ತಡೆಯುವ ದಾರಿಗಳಲ್ಲೇ ದೇಹ ಹುಳುಗಳೊಂದಿಗೆ ಹೋರಾಡುತ್ತದೆ.

ಚುಚ್ಚುಮದ್ದಿನ ನಿರ್ಧಾರಕ್ಕೂ ಮುಂಚೆ ನಾನು ಬಿಡದೆ ಮಾಡುವ ಕೆಲಸ ಒಂದಿದೆ. ಮಗುವಿನ ಕೈಗೆ ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಟೊಳ್ಳು ಕೊಳವೆಯಾದ ಸ್ಪೇಸರ್ ಕೊಟ್ಟು, ‘ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತೀಯೋ ಹಾಗೇ ತೋರಿಸು’ ಎನ್ನುತ್ತೇನೆ. ಒಂಬತ್ತರ ಒಬ್ಬ ಹುಡುಗಿ ಡಬ್ಬಿಯನ್ನು ಅಲ್ಲಾಡಿಸಲಿಲ್ಲ, ಎರಡು ಪಫ್ ಒಟ್ಟಿಗೆ ಒತ್ತಿದಳು, ಬಾಯಿ ಹಚ್ಚಿ ಮೂಗಿನಿಂದ ಉಸಿರೆಳೆದಳು. ಔಷಧಿಯ ಮಂಜು ಸ್ಪೇಸರಿನೊಳಗೇ ನಿಂತಿತ್ತು. ಅವಳನ್ನು ಬಯಾಲಜಿಕ್‌ಗಾಗಿ ಕಳುಹಿಸಿದ್ದರು. ವಿಧಾನ ತಿದ್ದಿದ ಮೇಲೆ ಅದರ ಅಗತ್ಯವೇ ಬೀಳಲಿಲ್ಲ. ‘ತೀವ್ರ’ ಎಂಬ ಹಣೆಪಟ್ಟಿ ಹೊತ್ತು ಬರುವ ಅನೇಕ ಮಕ್ಕಳ ಕಥೆ ಇದೇ: ತಪ್ಪು ವಿಧಾನ, ಬಿಟ್ಟುಹೋದ ಡೋಸು, ಮನೆಯೊಳಗಿನ ಸಿಗರೇಟು ಹೊಗೆ.

ಚುಚ್ಚುಮದ್ದು ಶುರುವಾದರೂ ಇನ್‌ಹೇಲರ್ ನಿಲ್ಲಿಸಬೇಡಿ. ಒಮಾಲಿಜುಮಾಬ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು, ಆದ್ದರಿಂದ ಮೊದಲ ಡೋಸುಗಳ ನಂತರ ಆಸ್ಪತ್ರೆಯಲ್ಲೇ ಕಾಯಿಸುತ್ತೇವೆ. ಫಲ ಸಿಕ್ಕಿದೆಯೇ ಎಂದು ತಿಳಿಯಲು ಕನಿಷ್ಠ ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಒಂದು ಪುಸ್ತಕದಲ್ಲಿ ಬರೆದಿಡಿ: ಮಗು ಎಷ್ಟು ರಾತ್ರಿ ಕೆಮ್ಮಿ ಎದ್ದಿತು, ಎಷ್ಟು ದಿನ ಶಾಲೆ ತಪ್ಪಿತು, ಎಷ್ಟು ಸಲ ಸ್ಟೀರಾಯ್ಡ್ ಮಾತ್ರೆ ಬೇಕಾಯಿತು. ಮುಂದಿನ ಭೇಟಿಗೆ ಬರುವಾಗ ಆ ಪುಸ್ತಕವನ್ನೂ ಸ್ಪೇಸರನ್ನೂ ಮರೆಯದೆ ತನ್ನಿ.