ತುಟ್ಟಿ ಕಾಲದಲ್ಲಿ ಬೇಳೆಯ ಲೆಕ್ಕ ಕೇಳೋಣ

ಅಣ್ಣಾರೆ, ಅಕ್ಕಾರೆ, ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಿಂತು ಬೆಲೆ ಏರಿಕೆ ಬಗ್ಗೆ ಮಾತಾಡುವಾಗ ತೊಗರಿ ಬಿಟ್ಟು ಬೇರೆ ಎಲ್ಲಿಂದ ಶುರು ಮಾಡೋದು? 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಮಾಲು ಅನ್ನೋ ಸರ್ಕಾರಿ ಗುರುತು ಸಿಕ್ಕಿತು, ಹೆಮ್ಮೆಯೇ. ಆದರೆ ಚಳಿಗಾಲದಲ್ಲಿ ರಾಶಿ ಮಾಡಿ ಎಪಿಎಂಸಿಗೆ ತೊಗರಿ ಹಾಕಿ ಬಂದ ರೈತನೇ ಮಳೆಗಾಲದಲ್ಲಿ ಕಿರಾಣಿ ಅಂಗಡಿ ಮುಂದೆ ನಿಂತು ಬೇಳೆಯನ್ನು ತುಟ್ಟಿ ರೇಟಿಗೆ ಕೊಳ್ಳುತ್ತಾನೆ.

ಬೆಲೆ ಏರಿದ್ದೆಲ್ಲ ಮೋಸ ಅಲ್ಲ. ಮಳೆ ಕೈಕೊಟ್ಟರೆ, ಡೀಸೆಲ್ ಏರಿದರೆ ಅಂಗಡಿಯವರಾದರೂ ಏನು ಮಾಡ್ತಾರೆ? ಆದರೆ ಲೆಕ್ಕ ನಮಗೂ ಬರಬೇಕು. 100 ಕೆಜಿ ತೊಗರಿ ಮಿಲ್ಲಿಗೆ ಹಾಕಿದರೆ ಸುಮಾರು 70ರಿಂದ 75 ಕೆಜಿ ಬೇಳೆ ಬರುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅದೇ ರೇಟು ಹಿಡಿದರೆ ಕೆಜಿ ಬೇಳೆಗೆ ಬರೀ ತೊಗರಿಯ ಖರ್ಚೇ 110 ರೂಪಾಯಿ ಆಸುಪಾಸು. ಹೊಟ್ಟು-ನುಚ್ಚು ಮಾರಿ ಮಿಲ್ಲಿನವರಿಗೆ ಅಷ್ಟಿಷ್ಟು ವಾಪಸ್ ಬರುತ್ತದೆ. ಮೇಲೆ ಮಿಲ್ಲಿನ ಖರ್ಚು, ಹಮಾಲಿ, ಲಾರಿ ಬಾಡಿಗೆ, ಅಂಗಡಿಯವರ ಲಾಭ. ಇಷ್ಟು ಸೇರಿಸಿದ ಮೇಲೂ ಅಂಗಡಿ ರೇಟು ಎಲ್ಲೋ ಮೇಲೆ ನಿಂತಿದ್ದರೆ ಕೇಳಿ. ರೇಟು ಏರಿದ ದಿನ ಹಳೇ ಸ್ಟಾಕಿಗೂ ಹೊಸ ರೇಟು, ಇಳಿದ ಮೇಲೆ ಮಾತ್ರ "ಇದು ಹಳೇ ಮಾಲು ಅಕ್ಕಾರೆ" ಅಂತಾರೆ, ಕೇಳಿದ್ದೀರಿ ಅಲ್ವಾ?

ಬಿಡಿ ಮಾಲಿಗೆ ಎಂಆರ್‌ಪಿ ಇಲ್ಲ. ಸರ್ಕಾರದ ಕೈಲಿರುವ ದೊಡ್ಡ ಅಸ್ತ್ರ 1955ರ ಅಗತ್ಯ ವಸ್ತುಗಳ ಕಾಯ್ದೆ. ಅದನ್ನೇ ಹಿಡಿದು 2023ರ ಜೂನ್‌ನಲ್ಲಿ ತೊಗರಿ, ಉದ್ದಿಗೆ ದಾಸ್ತಾನು ಮಿತಿ ಹಾಕಿದರು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಸೆಪ್ಟೆಂಬರ್‌ನಲ್ಲಿ ಸಗಟಿನವರ ಮಿತಿಯನ್ನು 50ಕ್ಕೆ ಇಳಿಸಿದರು. ಇಂಥ ಮಿತಿ ಹಾಕಿದಾಗ ಗೋದಾಮಿನಲ್ಲಿ ಬಚ್ಚಿಡುವವರಿಗೆ ಬಿಗಿ. ಓಣಿ ಅಂಗಡಿಯ ತಕ್ಕಡಿಗೂ ಇದಕ್ಕೂ ಸಂಬಂಧ ಕಡಿಮೆ.

ಪ್ಯಾಕೆಟ್ ಮಾಲಿನದು ಬೇರೆ ಕಥೆ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳುವಂತಿಲ್ಲ, "ಫ್ರಿಜ್ ಚಾರ್ಜ್" ಅಂತಲೂ ಇಲ್ಲ. ಅಂಗಡಿಯವರು ಮೇಲೆ ಸ್ಟಿಕರ್ ಅಂಟಿಸಿ ಬೆಲೆ ಏರಿಸೋದೂ ತಪ್ಪು. ರೇಟು ಹಾಗೇ ಇಟ್ಟು ತೂಕ ಇಳಿಸುವ ಆಟ ಮಾತ್ರ ಬೇರೆ. ತೂಕ ಸರಿಯಾಗಿ ಬರೆದಿದ್ದರೆ ಅದಕ್ಕೆ ಕೇಸಿಲ್ಲ, ಹಾಗಾಗಿ ಗ್ರಾಂ ಲೆಕ್ಕದ ಬೆಲೆ ನೋಡಿ.

ಬಿಲ್ ಕೊಡಲ್ಲ ಅಂದರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ಅದೇ ಅನ್ಯಾಯದ ವ್ಯಾಪಾರ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಫೀ ಇಲ್ಲ.

ಇಷ್ಟೆಲ್ಲ ಹೇಳಿದರೂ ಉದ್ರಿ ತರುವವರಿಗೆ ಏನು ಹೇಳೋಣ? ಅತಿ ತುಟ್ಟಿ ರೇಟು ಅವರಿಗೇ, ಬಾಯಿ ಕಟ್ಟಿರುವುದೂ ಅವರಿಗೇ. ನಾಳೆ ಮತ್ತೆ ಅದೇ ಅಂಗಡಿಗೆ ಹೋಗಬೇಕಲ್ಲ, ಬಿಲ್ ಕೇಳಿ ಜಗಳ ಮಾಡಿ ಅಂತ ನಾನು ಸುಮ್ನೆ ಹೇಳೋದು ಸುಲಭ. ಅಂಥವರು ತಂದ ದಿನವೇ ತೂಕ, ರೇಟು ಎರಡನ್ನೂ ತಮ್ಮದೇ ನೋಟ್‌ಬುಕ್ಕಿನಲ್ಲಿ ಬರೆಸಿಡಿ, ಮಕ್ಕಳ ಕೈಲಾದರೂ ಸರಿ. ಸ್ವಸಹಾಯ ಸಂಘದವರು ರಾಶಿ ಕಾಲದಲ್ಲೇ ದುಡ್ಡು ಕೂಡಿಸಿ ಮಿಲ್ಲಿನಿಂದ ಒಂದು ಚೀಲ ಬೇಳೆ ತಂದು ಹಂಚಿಕೊಂಡರೆ ಉದ್ರಿಯೇ ಅರ್ಧ ಇಳಿಯುತ್ತದೆ. ಹುಳ ಬೀಳದ ಹಾಗೆ ಬಿಸಿಲಿಗೆ ಹಾಕಬೇಕು ಅಷ್ಟೇ, ನಮ್ಮಲ್ಲಿ ಬಿಸಿಲಿಗೇನು ಬರ!

ಸರಿ, ಬಿಲ್ ತಂದವರು ಮುಂದೆ ಬನ್ನಿ, ಒಂದೊಂದೇ ನೋಡೋಣ.